ಎರಡು ಪಟ್ಟು ವೇಗವೂ ನಮ್ಮಕ್ಕನ ಗಡಿಯಾರವೂ

ಕಂಪನಿಗಳು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದನ್ನು ನಂಬದ ಜೀವ ಈ ಭೂಮಿಯ ಮೇಲೆ ಒಂದೇ ಒಂದಿದ್ದರೆ ಅದು ನಮ್ಮಕ್ಕ. ದೇವರೇ ಪ್ರತ್ಯಕ್ಷನಾಗಿ ‘ನಾನು ಸರ್ವಶಕ್ತ’ ಎಂದರೂ, ‘ಹೌದಾ? ಎಲ್ಲಿ, ಈ ಅಕ್ಕಿ ಮೂಟೆ ಎತ್ತಿ ಅಟ್ಟಕ್ಕೆ ಹಾಕು ನೋಡಾನ’ ಎನ್ನುವ ಪೈಕಿ! ಇಂಥವಳ ತಮ್ಮನಾಗಿ ಹುಟ್ಟಿ, ದಾವಣಗೆರೆಯಲ್ಲಿ ಕಂಪ್ಯೂಟರ್ ಮಾರಲು ಹೊರಟೆನಲ್ಲ, ನನ್ನ ಹಣೆಬರಹಕ್ಕೆ ಏನೆನ್ನೋಣ?

ನನ್ನ ಹೆಂಡತಿ ಹೊಸ ಮಿಕ್ಸಿ ತಂದಳು. ಹಳೆಯದಕ್ಕಿಂತ ಬಹಳ ಜೋರು ಎಂದಿದ್ದ ಅಂಗಡಿಯವನು. ಅಕ್ಕ ಗಡಿಯಾರ ಹಿಡಿದು ನಿಂತು ಎರಡರಲ್ಲೂ ಶೇಂಗಾ ಚಟ್ನಿಪುಡಿ ರುಬ್ಬಿಸಿದಳು. ಆದರೆ ರುಬ್ಬಿದ್ದು ಮುಗಿದ ಮೇಲಾದರೂ ಗಡಿಯಾರ ನಿಲ್ಲಿಸಬೇಕಲ್ಲ? ಜಾರು ತೊಳೆದು, ಒರೆಸಿ, ಗೋಡೆಯ ಮಾಡಕ್ಕೆ ಸೇರುವ ತನಕ ನಿಲ್ಲಿಸಲಿಲ್ಲ! ಹೊಸ ಜಾರಿನ ತಳದಲ್ಲಿ ಪುಡಿ ಸಿಕ್ಕಿಕೊಂಡು, ಹಳೆಯ ಮಿಕ್ಸಿಯೇ ಗೆದ್ದಿತು. ಚಟ್ನಿಪುಡಿ ಖಾಲಿಯಾಗುವವರೆಗೂ ನನ್ನ ಹೆಂಡತಿ ಅವಳ ಜೊತೆ ಮಾತಾಡಲಿಲ್ಲ.

ಬಸ್ಸಿನವರನ್ನಾದರೂ ಬಿಟ್ಟಳೇ? ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ‘ಹರಿಹರ ನಾನ್‌ಸ್ಟಾಪ್’ ಎಂದು ಕೂಗುತ್ತಲೇ ನಿಂತಿದ್ದ ಕಂಡಕ್ಟರನಿಗೆ, “ಅಣ್ಣಾ, ಇಲ್ಲಿ ನಿಂತಿದ್ದೂ ಸೇರಿಸಿದ್ರೆ ನಿಮ್ಮ ನಾನ್‌ಸ್ಟಾಪಿಗಿಂತ ಆ ನಂದಿಗುಡಿ ಬಸ್ಸೇ ಜೋರೈತೆ,” ಎಂದಳು.

“ಹಂಗಾರೆ ಅದಕ್ಕೇ ಹೋಗ್ರಿ ಅಕ್ಕಾರ!”

ಇಳಿದು ಹೋಗಿಯೇ ಬಿಟ್ಟಳು! ಹರಿಹರದ ಮೇಲೆಯೇ ಹೋಗುವ, ಊರೂರಿಗೆ ನಿಲ್ಲುವ ಆ ಬಸ್ಸಿನಲ್ಲಿ ಮೊದಲೇ ಹರಿಹರ ತಲುಪಿ, ಈ ಬಸ್ಸು ಬರುವ ತನಕ ಕಾದು, ಕಂಡಕ್ಟರನಿಗೆ ಕೈ ಬೇರೆ ಬೀಸಿದಳಂತೆ.

ದಾವಣಗೆರೆ ಆಗತಾನೇ ಜಿಲ್ಲೆಯಾಗಿತ್ತು. ಊರಲ್ಲಿ ಎಲ್ಲವೂ ಹೊಸತಾಗುವ ಹುರುಪು. ನಾನು ಏಜೆನ್ಸಿ ಹಿಡಿದಿದ್ದ ಕಂಪನಿಯೂ ಹೊಸ ತಲೆಮಾರಿನ ಪ್ರೊಸೆಸರ್ ಇರುವ ಸರ್ವರ್ ಒಂದನ್ನು ಕಳಿಸಿತು. ಸರ್ವರ್ ಎಂದರೆ ಆಫೀಸಿನ ಅಷ್ಟೂ ಕಂಪ್ಯೂಟರುಗಳಿಗೆ ಯಜಮಾನ. ಪ್ರೊಸೆಸರ್ ಅದರ ಮಿದುಳು. ಹಳೆಯದಕ್ಕಿಂತ ಎರಡು ಪಟ್ಟು ವೇಗ ಎಂದು ಜೊತೆಗೆ ಬಂದ ಬಣ್ಣದ ಕಾಗದದಲ್ಲಿ ಅಚ್ಚಾಗಿತ್ತು. ಇದೊಂದು ಮಾರದಿದ್ದರೆ ಏಜೆನ್ಸಿ ಬೇರೆಯವರಿಗೆ ಎಂದೂ ಕಂಪನಿಯವರು ಹೇಳಿದ್ದರು. ಕೊಳ್ಳುವ ಮನಸ್ಸಿದ್ದದ್ದು ಹರಿಹರದ ಒಂದೇ ಕಾರ್ಖಾನೆಗೆ. ಅಲ್ಲಿ ಕಂಪ್ಯೂಟರ್ ಕೋಣೆಯ ಮುಖ್ಯಸ್ಥೆ ಯಾರು? ಇನ್ಯಾರು, ನಮ್ಮಕ್ಕ!

“ಈ ಎರಡು ಪಟ್ಟು ವೇಗ ಅಂತ ಅಳದೋರು ಯಾರೋ?”

“ಕಂಪನಿಯೋರು.”

“ಹೆಣ್ಣಿನ ಕಡೇರೇ ಹೆಣ್ಣು ಚೆಂದ ಐತೆ ಅಂದಂಗಾತು! ಏನು ಕೆಲಸ ಕೊಟ್ಟು ಅಳದ್ರು?”

“ಅದಕ್ಕೇ ಅಂತ ಒಂದು ಪ್ರೋಗ್ರಾಂ ಇರ್ತೈತಕ್ಕಾ.”

“ನಮ್ಮಲ್ಲಿ ಅದು ಓಡಂಗಿಲ್ಲ ತಮ್ಮಾ. ಪಗಾರದ ಲೆಕ್ಕ ಓಡ್ತೈತೆ.”

ಸರಿ, ಹಳೆಯದರ ಪಕ್ಕದಲ್ಲೇ ಹೊಸದನ್ನು ಇಟ್ಟೆವು. ಎರಡಕ್ಕೂ ಸರದಿಯಂತೆ ಒಂದೇ ಪಗಾರದ ಲೆಕ್ಕ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅದೇ ಹೊತ್ತಿಗೆ ಅದೇ ಮಷೀನಿನ ಮೇಲೆ ಸ್ಟೋರಿನ ಗುಮಾಸ್ತರನ್ನೆಲ್ಲ ಕೂರಿಸಿ ಟೈಪ್ ಮಾಡಿಸಿದಳು, ಪ್ರಿಂಟರನ್ನೂ ಕಿರುಚಲು ಬಿಟ್ಟಳು. “ಓಡೋ ಕುದ್ರಿ ಮೇಲೆ ಭತ್ತದ ಚೀಲ ಹೇರ್ತಿಯಲ್ಲಕ್ಕಾ!” ಎಂದು ನಾನು ಬಾಯಿ ಬಡಿದುಕೊಂಡರೆ, “ನಾವು ಕುದ್ರಿ ತರ್ತಿರೋದೇ ಚೀಲ ಹೊರಸಾಕೆ,” ಎಂದಳು.

ಹಳೆಯದು ಕುಂಟುತ್ತಾ ಮುಗಿಸಿತು. ಹೊಸದು ಅರ್ಧಕ್ಕೇ ಕಲ್ಲಾಗಿ ನಿಂತಿತು! ಮತ್ತೆ ಶುರು ಮಾಡಿದರೆ ಮತ್ತೆ ನಿಂತಿತು. ನೋಡಲು ಬಂದಿದ್ದ ಕಾರ್ಖಾನೆಯ ಮ್ಯಾನೇಜರು, “ಏನ್ರೀ, ನಿಲ್ಲೋದ್ರಾಗೂ ಎರಡು ಪಟ್ಟಾ?” ಎಂದರು. ಏಜೆನ್ಸಿ ಹೋಯಿತೆಂದೇ ಅಂದುಕೊಂಡೆ. ಅಕ್ಕ ಮಾತ್ರ ‘ಹೊಸದು ಕೈಕೊಟ್ಟಿತು’ ಎಂದು ಬರೆದುಕೊಂಡಳು. ಒಡಹುಟ್ಟಿದವಳೇ ಇವಳು?

ಮಷೀನು ಮುಟ್ಟಿ ನೋಡಿದೆ. ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು! ಕಾರ್ಖಾನೆಗೆ ಯಾವ ಯಂತ್ರ ಬಂದರೂ ವಿಭೂತಿ ಹಚ್ಚಿ ಹಾರ ಹಾಕುವುದು ವಾಡಿಕೆ. ಇದಕ್ಕೂ ದಪ್ಪನೆಯ ಸೇವಂತಿಗೆ ಹಾರ ಬಿದ್ದಿತ್ತು. ಅದೂ ಎಲ್ಲಿ? ಗಾಳಿ ಒಳಗೆ ಹೋಗುವ ಕಿಂಡಿಗಳ ಮೇಲೆಯೇ, ಒಂದೂ ಕಾಣದಂತೆ!

“ಉಸಿರಾಡೋ ಮೂಗಿಗೆ ಹೂವು ತುರುಕಿದ ಆ ಮಹಾ ಬುದ್ಧಿವಂತ ಯಾರ್ರೀ?” ಎಂದು ಕೋಣೆ ಅದುರುವಂತೆ ಕೂಗಿದೆ.

ಗುಮಾಸ್ತರೆಲ್ಲ ನೆಲ ನೋಡಿದರು. ಅಕ್ಕ ಕನ್ನಡಕ ತೆಗೆದಳು.

“ನಾನೇ ಹಾಕಿದ್ನಪ್ಪಾ. ಬೆಳಿಗ್ಗೆ ಎದ್ದು ಕಟ್ಟಿದ್ದೆ. ನಿನ್ನ ಮೊದಲ್ನೇ ಮಷೀನಲ್ಲೇನೋ? ಬೋಳಾಗಿ ಪರೀಕ್ಷೆಗೆ ಕೂರಿಸಾಕೆ ಮನಸ್ಸಾಗ್ಲಿಲ್ಲ.”

ಅವಳೇ ಹಾರ ತೆಗೆದಳು, ಬರೆದಿದ್ದನ್ನು ಹೊಡೆದುಹಾಕಿದಳು, ಮಷೀನು ತಣ್ಣಗಾದ ಮೇಲೆ ಮೊದಲಿಂದ ಅಳೆದಳು. ಈ ಸಲ ಅದು ಗುಡುಗುಡು ಓಡಿತು. ಲೆಕ್ಕ ಹಾಕಿದರೆ ಒಂದೂವರೆ ಪಟ್ಟು. ‘ಎರಡು ಅಂದುಬಿಡು ತಾಯೀ’ ಎಂದು ನಾನು ಕಣ್ಣಲ್ಲೇ ಅಂಗಲಾಚಿದೆ.

“ಎರಡು ಪಟ್ಟು ಅನ್ನೋದು ಸುಳ್ಳು ಸರ್. ಒಂದೂವರೆ ಖರೇ. ನಮ್ಮ ಕೆಲಸಕ್ಕೆ ಅಷ್ಟು ಸಾಕು, ತಗೊಳ್ರಿ.”

ಯಾವುದನ್ನೂ ಹೊಗಳದವಳು ತಗೊಳ್ರಿ ಎಂದಳೆಂದು ಮ್ಯಾನೇಜರು ಅಲ್ಲೇ ಒಪ್ಪಿಬಿಟ್ಟರು. ಏಜೆನ್ಸಿ ಉಳಿಯಿತು. ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ. ಸ್ವಂತ ತಮ್ಮನಿಗೆ ಅರ್ಧ ಪಟ್ಟು ಬಿಟ್ಟುಕೊಡಲಾರಳೇ? ಮುಖ ಊದಿಸಿಕೊಂಡೇ ಸ್ಕೂಟರ್ ಹತ್ತಿದೆ. ಅಕ್ಕ ಹಿಂದೆಯೇ ಬಂದು, ಆ ಹಾರವನ್ನು ಹ್ಯಾಂಡಲಿಗೆ ಸುತ್ತಿ ಕಟ್ಟಿದಳು.

“ಇದಕ್ಕೇನು ಉಸಿರು ಕಟ್ಟಂಗಿಲ್ಲ,” ಎಂದಳು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, “ನಿಧಾನ ಹೋಗೋ, ಗಡಿಬಿಡಿ ಬ್ಯಾಡ,” ಎಂದಳು.

ದಾವಣಗೆರೆಯವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ನಿಧಾನವಾಗಿ ಹೋದೆ. ಆದರೂ ಹೇಳುತ್ತೇನೆ, ಕಂಪನಿಯ ಕಾಗದದಲ್ಲಿ ಎರಡು ಪಟ್ಟು ಎಂದೇ ಇತ್ತು!