ಲೀಟರಿಗೆ ಹದಿನೈದು

ರತ್ನಾಕರನ ಸಂಸಾರದಲ್ಲಿ ಬಿರುಗಾಳಿ ಎದ್ದದ್ದು ಒಂದು ಕೆಂಪು ಕಾರಿನಿಂದ. ನೌಕಾಪಡೆಯ ಹುಡುಗನೊಬ್ಬ ವರ್ಗವಾಗಿ ಹೋಗುವಾಗ ಮಾರಿದ ಸ್ಪೋರ್ಟ್ಸ್ ಕಾರು ಅದು. ಹಿಂದೆ ರೆಕ್ಕೆ, ಕೆಳಗೆ ಹಂಡೆಬಾಯಿಯಂಥ ಸೈಲೆನ್ಸರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಫೈಲು ತಳ್ಳಿದ ಕಾಸರಗೋಡಿನ ರತ್ನಾಕರ ಅದರಲ್ಲಿ ಕೂತಾಗ ಮಾತ್ರ ತನಗೂ ಒಂದು ಎದೆ ಇದೆ ಅಂದುಕೊಳ್ಳುತ್ತಿದ್ದ. ಆದರೆ ಎರ್ನಾಕುಲಂ ಪೇಟೆಯಲ್ಲಿ ಅದು ಲೀಟರಿಗೆ ಎಂಟೇ ಕಿಲೋಮೀಟರ್ ಓಡುತ್ತಿತ್ತು. ಆ ವಾರ ಪೆಟ್ರೋಲಿನ ಬೆಲೆ ಮತ್ತೆ ಏರಿದಾಗ ಹೆಂಡತಿ ಸುಮಿತ್ರ ತೀರ್ಪು ಕೊಟ್ಟಳು.

"ನಾಳೆ ತಿರುವನಂತಪುರಕ್ಕೆ ಮೀಟಿಂಗಿಗೆ ಹೋಗ್ಲಿಕ್ಕುಂಟಲ್ಲ, ಇದರಲ್ಲೇ ಹೋಗಿ. ಮೀಟರಿನಲ್ಲಿ ಲೀಟರಿಗೆ ಹದಿನೈದು ಬಂದರೆ ಕಾರು ನಿಮ್ಮದು. ಬರದಿದ್ದರೆ ನಾಡಿದ್ದು ಎಡಪ್ಪಳ್ಳಿಯ ಬ್ರೋಕರ್ ಬಂದು ತಗೊಂಡು ಹೋಗ್ತಾನೆ."

ಸಾಕ್ಷಿಗೆ ಆಕೆ ಆರಿಸಿದ್ದು ಅದೇ ಕಚೇರಿಯ ಗದಗಿನ ರುದ್ರಪ್ಪನನ್ನು. ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುತ್ತದೆಂದು ಹೆದರಿ ರಜೆ ಅರ್ಜಿಯಲ್ಲೂ ನಿಜ ಬರೆಯುವ ಮನುಷ್ಯ ಅವನು. ಮೀಟಿಂಗಿಗೆ ಹೋಗಬೇಕಾಗಿದ್ದ ಇನ್ನೊಬ್ಬ ಸಹೋದ್ಯೋಗಿ, ಮಂಡ್ಯದ ಜಯಣ್ಣ, ಯಾರೂ ಕರೆಯದಿದ್ದರೂ ಹಿಂದಿನ ಸೀಟಿಗೆ ಬಂದು ಕೂತ. ತನ್ನ ತೂಕ ತೊಂಬತ್ತಾರು ಕಿಲೋ ಎಂಬುದನ್ನು ಮರೆತು, ಕಾರಿನ ಭಾರ ಕಡಿಮೆ ಮಾಡಬೇಕೆಂದು ಡಿಕ್ಕಿಯಿಂದ ಜಾಕು, ನಟ್ಟು ಬಿಚ್ಚುವ ಪಾನ, ಹಳೇ ಕೊಡೆ ಎಲ್ಲ ಕೆಳಗಿಳಿಸಿದ.

ಬೆಳಗ್ಗೆ ಏಳಕ್ಕೆ ವೈಟ್ಟಿಲ ಬಂಕಿನಲ್ಲಿ ಬಾಯಿಮಟ್ಟ ತುಂಬಿಸಿ ಹೊರಟರು. ಅರೂರು ದಾಟುವುದರೊಳಗೆ ರತ್ನಾಕರನ ತಲೆ ಕಲಸಿದ ಮೊಸರನ್ನವಾಗಿತ್ತು. ಮೇಲಿನ ಗೇರಿನಲ್ಲಿ ಐವತ್ತರ ಮೇಲೆ ಹೋಗಬೇಡಿ ಎನ್ನುತ್ತಿದ್ದ ರುದ್ರಪ್ಪ. ಒಮ್ಮೆ ಜೋರಾಗಿ ಎಳೆದು ಆಮೇಲೆ ಕಾಲೆತ್ತಿ ತೇಲಿಸಬೇಕು ಎನ್ನುತ್ತಿದ್ದ ಜಯಣ್ಣ. ರತ್ನಾಕರ ಇಬ್ಬರ ಮಾತನ್ನೂ ಒಟ್ಟಿಗೆ ಪಾಲಿಸಲು ಹೋದ. ಕಾರು ಬಿಕ್ಕಿತು, ಸೀನಿತು, ಮತ್ತೆ ನಡೆಯಿತು.

ಎಸಿ ಹಾಕಿದರೆ ಪೆಟ್ರೋಲು ಕುಡಿಯುತ್ತದೆಂದು ರುದ್ರಪ್ಪ ಅದನ್ನು ಆರಿಸಿದ. ಕಿಟಕಿ ತೆರೆದರೆ ಗಾಳಿ ಹಿಡಿದು ಕಾರನ್ನು ಹಿಂದಕ್ಕೆಳೆಯುತ್ತದೆಂದು ಜಯಣ್ಣ ಗಾಜು ಏರಿಸಿದ. ಇಬ್ಬರ ಮಾತಿನಲ್ಲೂ ಸತ್ಯವಿದ್ದಂತೆ ಕಂಡಿತು. ಹಾಗಾಗಿ ಆಲಪ್ಪುಳದ ಬಿಸಿಲಿನಲ್ಲಿ ಮೂವರೂ ಕುಕ್ಕರಿನಲ್ಲಿಟ್ಟ ಇಡ್ಲಿಗಳಂತೆ ಬೆಂದರು.

ಹಿಂದಿನ ಬಸ್ಸುಗಳು ಹಾರ್ನು ಹೊಡೆದು ಹೊಡೆದು ಸುಸ್ತಾದವು. ಹರಿಪ್ಪಾಡಿನ ಬಳಿ ಮೀನಿನ ಬುಟ್ಟಿ ಕಟ್ಟಿಕೊಂಡ ಮುದುಕನೊಬ್ಬ ಮೊಪೆಡ್ಡಿನಲ್ಲಿ ಪಕ್ಕಕ್ಕೆ ಬಂದ. ಕೆಂಪು ಕಾರನ್ನೂ ಒಳಗೆ ಬೆವರುತ್ತಿದ್ದ ಮೂರು ಮುಖಗಳನ್ನೂ ಕನಿಕರದಿಂದ ನೋಡಿ, ಆಸ್ಪತ್ರೆ ಎಡಕ್ಕಿದೆ ಎಂದು ಕೈಸನ್ನೆ ಮಾಡಿ ಮುಂದೆ ಹೋದ. ರತ್ನಾಕರನ ಎದೆ ಅಲ್ಲೇ ಅರ್ಧ ಇಳಿಯಿತು.

ಕೊಲ್ಲಂ ದಾಟಿದ ಮೇಲೆ ಜಯಣ್ಣ ಬ್ರಹ್ಮಾಸ್ತ್ರ ಬಿಟ್ಟ. "ಇಳಿಜಾರಲ್ಲಿ ಇಂಜಿನ್ ಯಾಕಯ್ಯಾ ಓಡಬೇಕು? ಆಫ್ ಮಾಡು. ಭೂಮಿತಾಯಿ ಎಳ್ಕೊಂಡು ಹೋಗ್ತಾಳೆ."

"ಬ್ರೇಕು ಗಟ್ಟಿ ಆಗ್ತದಂತೆ ಮಾರಾಯ್ರೇ," ಎಂದ ರತ್ನಾಕರ.

"ಹಂಗಾರ ಬ್ಯಾಡ್ರಿ," ಎಂದ ರುದ್ರಪ್ಪ. "ಆದ್ರ ಹದಿನೈದು ಆಗೂದು ಕಷ್ಟ ಐತಿ ನೋಡ್ರಿ. ನಾ ಅಕ್ಕಾರಿಗೆ ಇದ್ದದ್ದು ಇದ್ದಂಗ ಹೇಳಾಂವ."

ಆ ಮಾತಿಗೆ ಹೆದರಿ ರತ್ನಾಕರ ಸಿಕ್ಕ ಸಿಕ್ಕ ಇಳಿಜಾರಿನಲ್ಲೆಲ್ಲ ಇಂಜಿನ್ ಆರಿಸತೊಡಗಿದ. ತಿರುವನಂತಪುರದೊಳಗೆ ಪಾಳಯಂಗೆ ಇಳಿಯುವ ರಸ್ತೆಯಲ್ಲೂ ಆರಿಸಿದ. ಕಾರು ಸದ್ದಿಲ್ಲದೆ ಜಾರಿತು. ತಿರುವಿನಾಚೆ ಎದುರಾಗಿದ್ದು ನಾನೂರು ಜನರ ಮೆರವಣಿಗೆ. ಬ್ರೇಕು ಕಲ್ಲಿನಂತಾಗಿತ್ತು. ಎರಡೂ ಕಾಲಿನಲ್ಲಿ ತುಳಿದು ನಿಲ್ಲಿಸುವಷ್ಟರಲ್ಲಿ ಕಾರು ಮೆರವಣಿಗೆಯ ನಟ್ಟನಡುವೆ ಇತ್ತು.

ಅದು ಪೆಟ್ರೋಲ್ ಬೆಲೆಯೇರಿಕೆಯ ವಿರುದ್ಧದ ಮೆರವಣಿಗೆ. ಹಮಾಲರು, ಆಟೋದವರು, ಗೇರುಬೀಜದ ಕಾರ್ಖಾನೆಯ ಹೆಂಗಸರು. ವಾಹನವೊಂದಕ್ಕೆ ಹಗ್ಗ ಕಟ್ಟಿ ಸೆಕ್ರೆಟೇರಿಯಟ್ ಮುಂದೆ ಎಳೆದೊಯ್ಯುವುದು ಅಂದಿನ ಕಾರ್ಯಕ್ರಮ. ಹಗ್ಗ ಬಂದಿತ್ತು, ವಾಹನ ಕೊಡುತ್ತೇನೆಂದವನು ಕೈಕೊಟ್ಟಿದ್ದ. ಅಂಥ ಹೊತ್ತಿನಲ್ಲಿ ಕಾರೊಂದು ತಾನಾಗಿ ಇಂಜಿನ್ ಆರಿಸಿಕೊಂಡು ಬಂದು ನಿಂತಿತ್ತು.

ಮುಖಂಡ ಬಾಗಿ ರತ್ನಾಕರನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಾಡುತ್ತಿತ್ತು. "ಸಾರೇ, ಇದಾಣ್ ಸಮರಂ," ಎಂದ. ಹೋರಾಟ ಎಂದರೆ ಇದು ಎಂದು ಹೊಗಳಿದ್ದು ಮಲಯಾಳ ಅರೆಬರೆ ಬರುವ ರುದ್ರಪ್ಪನಿಗೂ ತಿಳಿಯಿತು.

ತಾನು ಸರ್ಕಾರಿ ನೌಕರ, ಹೋರಾಟ ಗೀರಾಟ ಮಾಡುವ ಹಾಗಿಲ್ಲ ಎಂದು ರತ್ನಾಕರ ಬಾಯಿ ತೆರೆಯುವುದರೊಳಗೆ ಮುಂದಿನ ಬಂಪರಿನಡಿಯ ಕೊಕ್ಕೆಗೆ ಹಗ್ಗ ಬಿದ್ದಿತ್ತು, ಬಾನೆಟ್ಟಿನ ಮೇಲೆ ಹಾರ ಬಿದ್ದಿತ್ತು. ಕಾರು ಚಲಿಸಿತು. ಪಾಳಯಂನಿಂದ ಸೆಕ್ರೆಟೇರಿಯಟ್ ದಾಟಿ ಪುಳಿಮೂಡಿನವರೆಗೆ ಎರಡು ಕಿಲೋಮೀಟರ್, ಒಂದು ತೊಟ್ಟು ಪೆಟ್ರೋಲ್ ಇಲ್ಲದೆ.

ದಾರಿಯಲ್ಲಿ ಮುಖಂಡ ಮೈಕು ಹಿಡಿದು ಬೇರೆಯೇ ರಾಗ ತೆಗೆದ. ಬರಿಗಾಲಿನವರು ಹಗ್ಗ ಹಿಡಿದು ಎಳೆಯುತ್ತಾರೆ, ಹೊಟ್ಟೆ ತುಂಬಿದವರು ಮೆತ್ತನೆ ಸೀಟಿನಲ್ಲಿ ಕೂತಿರುತ್ತಾರೆ, ನೋಡಿ, ಈ ದೇಶ ನಡೆಯುತ್ತಿರುವುದೇ ಹೀಗೆ ಎಂದು ಕಾರಿನತ್ತ ಕೈ ತೋರಿಸಿದ. ತಾನೀಗ ಮೆರವಣಿಗೆಯ ವೀರನೋ ಖಳನೋ ರತ್ನಾಕರನಿಗೆ ತಿಳಿಯಲಿಲ್ಲ. ಮುಷ್ಟಿ ಎತ್ತಬೇಕೋ ಮುಖ ಮುಚ್ಚಿಕೊಳ್ಳಬೇಕೋ ಗೊತ್ತಾಗದೆ, ಅರ್ಧ ಎತ್ತಿದ ಕೈಯಿಂದ ಕಿವಿ ಕೆರೆದುಕೊಂಡ. ಹಗ್ಗ ಹಿಡಿದ ಹೆಂಗಸೊಬ್ಬಳ ರವಿಕೆ ಬೆನ್ನಿನಲ್ಲಿ ಹರಿದಿತ್ತು. ಅದನ್ನು ನೋಡಿದವನೇ ಇಳಿದು ತಾನೂ ನೂಕುತ್ತೇನೆಂದು ಬಾಗಿಲಿಗೆ ಕೈ ಹಾಕಿದ.

"ಕೂತ್ಕೊಳಯ್ಯಾ," ಎಂದು ಜಯಣ್ಣ ಅಂಗಿ ಹಿಡಿದೆಳೆದ. "ಮೀಟರ್ ಓಡ್ತಾ ಐತೆ."

ಪುಳಿಮೂಡಿನಲ್ಲಿ ಹಗ್ಗ ಬಿಚ್ಚಿ ಬಿಟ್ಟ ಮೇಲೆ ತಂಬಾನೂರಿನ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿದರು. ಹಿಡಿದದ್ದು ಹದಿನಾಲ್ಕೂ ಮುಕ್ಕಾಲು ಲೀಟರಿಗೆ ತುಸು ಕಡಿಮೆ. ರುದ್ರಪ್ಪ ಮೂರು ಸಲ ಗುಣಿಸಿ ಭಾಗಿಸಿದ. ಲೀಟರಿಗೆ ಹದಿನೈದು, ಕೂದಲೆಳೆಯಷ್ಟು ಮೇಲೆ. ಜನ ಎಳೆದ ಎರಡು ಕಿಲೋಮೀಟರ್ ಕಳೆದರೆ ಹದಿನಾಲ್ಕು ಚಿಲ್ಲರೆ.

ರುದ್ರಪ್ಪ ಕೊಚ್ಚಿಗೆ ಫೋನು ಹಚ್ಚಿ, ಮೆರವಣಿಗೆ, ಹಗ್ಗ, ಹಾರ ಒಂದನ್ನೂ ಬಿಡದೆ ಸುಮಿತ್ರಳಿಗೆ ಒಪ್ಪಿಸಿದ. ಕೊನೆಗೆ ಹೇಳಿದ, "ಅಕ್ಕಾರ, ನೀವು ಮೀಟರಿನಾಗ ಅಂದಿದ್ರಿ. ಯಾರು ಎಳೀಬೇಕು ಅಂತ ಅಂದಿದ್ದಿಲ್ರಿ."

ಸುಮಿತ್ರ, ಆಡಿದ ಮಾತು ಆಡಿದ್ದೇ, ಕಾರು ಅವರೇ ಇಟ್ಟುಕೊಳ್ಳಲಿ ಎಂದಳು. ರತ್ನಾಕರ ಬಂಕಿನಲ್ಲಿ ಎಲ್ಲರೆದುರೇ ಕಾರಿನ ಬಾನೆಟ್ಟಿಗೆ ಕೆನ್ನೆ ಒತ್ತಿದ. ಬಿಸಿ ತಾಗಿ ತಕ್ಷಣ ತೆಗೆದ.

ಮೀಟಿಂಗಿಗೆ ಒಂದು ಗಂಟೆ ತಡವಾಗಿತ್ತು. ಅಂದಿನ ಮೀಟಿಂಗಿನ ವಿಷಯ ಇಂಧನ ಉಳಿತಾಯ. ಅದಕ್ಕಾಗಿ ಹದಿನಾಲ್ಕು ಜಿಲ್ಲೆಗಳಿಂದ ಅಧಿಕಾರಿಗಳು ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬಂದಿದ್ದರು. ಸಾಹೇಬರು ಹೊರಬರುವಾಗ ಸೀಟು ತಣ್ಣಗಿರಲೆಂದು ಅಂಗಳದಲ್ಲಿ ಹದಿನಾಲ್ಕು ಇಂಜಿನ್ನುಗಳು ಎಸಿ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದವು.

ತಡವೇಕೆ ಎಂದು ನಿರ್ದೇಶಕ ಕೃಷ್ಣಾನಂದ ಕೇಳಿದರು. ಬೆಂಗಳೂರಿನವರು, ಕನ್ನಡದಲ್ಲೇ ಗದರಿಸುವವರು. ದಾರಿಯಲ್ಲಿ ಟಯರು ಪಂಕ್ಚರಾಯಿತು ಎಂದು ಜಯಣ್ಣ ಶುರುಮಾಡಿದ. ರುದ್ರಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ವೈಟ್ಟಿಲದಿಂದ ತಂಬಾನೂರಿನವರೆಗೆ ಪೂರ್ತಿ ಹೇಳಿದ. ಮೆರವಣಿಗೆಯ ಮಾತು ಬಂದಾಗ ರತ್ನಾಕರನ ಕಣ್ಣೆದುರು ಸಸ್ಪೆಂಡಿನ ಕಾಗದ ಹಾರಿತು.

ಆದರೆ ನಿರ್ದೇಶಕರು ಹಿಡಿದುಕೊಂಡದ್ದು ಬೇರೆ ಮಾತನ್ನು.

"ಆ ಥರದ ಕಾರಲ್ಲಿ ಹದಿನೈದಾ? ನನ್ನ ಜೀಪು ಎಂಟು ದಾಟಲ್ಲ ಕಣ್ರೀ," ಎಂದು ಅವರು ಎದ್ದು ಬಂದು ರತ್ನಾಕರನ ಬೆನ್ನು ತಟ್ಟಿದರು. "ಲಕ್ಷದ್ವೀಪದ ಕವರತ್ತಿ ಆಫೀಸಿಗೆ ಒಬ್ಬ ಬೇಕಿತ್ತು. ಅಲ್ಲಿ ಜನರೇಟರಿಗೆ ಒಂದೊಂದು ಬ್ಯಾರೆಲ್ ಡೀಸೆಲ್ಲೂ ಹಡಗಲ್ಲೇ ಹೋಗ್ಬೇಕು. ಉಳಿಸೋ ಕೈಯಿರೋನೇ ಬೇಕು. ಮೂರು ವರ್ಷ ನೀವೇ ಹೋಗ್ಬನ್ನಿ. ಆರ್ಡರ್ ಇವತ್ತೇ ಟೈಪ್ ಮಾಡಿಸ್ತೀನಿ."

ಅಲ್ಲಿಗೆ ಹೋಗುವ ಗಂಡಾಂತರ ತಪ್ಪಿತೆಂದು ಸಭೆಯಲ್ಲಿದ್ದವರೆಲ್ಲ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಜಯಣ್ಣ.

"ಸರ್, ಕಾರು…" ಎಂದ ರತ್ನಾಕರ.

"ಕಾರು ಯಾಕ್ರೀ? ದ್ವೀಪದ ಈ ತುದಿಯಿಂದ ಆ ತುದಿಗೆ ಆರು ಕಿಲೋಮೀಟರ್ ಇಲ್ಲ. ಆಫೀಸಿಂದ ಸೈಕಲ್ ಕೊಡ್ತಾರೆ."

ರತ್ನಾಕರ ಕಿಟಕಿಯಾಚೆ ನೋಡಿದ. ಗೊರಕೆ ಹೊಡೆಯುವ ಹದಿನಾಲ್ಕು ಕಾರುಗಳ ನಡುವೆ ಅವನದೊಂದೇ ಕೆಂಪಗೆ, ಮೌನವಾಗಿ ನಿಂತಿತ್ತು. ಬಹಳ ಮೆಲ್ಲಗೆ ಕೇಳಿದ:

"ಆ ಸೈಕಲ್ಲಿಗೆ ಗೇರಾದರೂ ಉಂಟಾ ಸರ್?"