ಹನ್ನೆರಡು ವರ್ಷದೊಳಗಿನವರ ಪಾರ್ಕು

ಸಾರ್ವಜನಿಕ ಕೆಲಸದ ಚಟ ಹತ್ತಿದವನನ್ನು ಮನೆಯವರು ಕೈಬಿಟ್ಟಂತೆಯೇ. ಕುಡಿತವಾದರೆ ನಾಲ್ಕು ಜನ ಬುದ್ಧಿ ಹೇಳುತ್ತಾರೆ. ಇದಕ್ಕೆ ಶಾಲು ಹೊದಿಸಿ ಇನ್ನಷ್ಟು ಕೆಡಿಸುತ್ತಾರೆ. ನನಗೆ ಈ ಚಟ ಹತ್ತಿದ್ದು ಮಗಳು ನಿಧಿಯಿಂದ. ಆಗ ಅವಳಿಗೆ ಐದು ವರ್ಷ. ಚಂದ್ರಾ ಲೇಔಟಿನ ನಮ್ಮ ಕ್ರಾಸಿನಲ್ಲಿ ಮಕ್ಕಳು ಆಡಬೇಕೆಂದರೆ ನಿಲ್ಲಿಸಿದ ಕಾರುಗಳ ಸಂದಿಯಲ್ಲೇ ಆಡಬೇಕಿತ್ತು. ಬೀದಿಯ ಕೊನೆಯಲ್ಲಿ ಒಂದು ಖಾಲಿ ಜಾಗವಿತ್ತು. ಹಳೇ ಮನೆ ಕೆಡವಿದವರೆಲ್ಲ ಇಟ್ಟಿಗೆ ಚೂರು, ಒಡೆದ ಕಮೋಡುಗಳನ್ನು ತಂದು ಸುರಿಯುತ್ತಿದ್ದರು. ಒಂದು ಸಂಜೆ ಅದನ್ನು ನೋಡುತ್ತ ನಿಂತ ನಿಧಿ, "ಅಪ್ಪಾ, ಇಲ್ಲೊಂದು ಉಯ್ಯಾಲೆ ಹಾಕಿಸ್ತೀಯಾ?" ಅಂದಳು. "ಹಾಕಿಸ್ತೀನಿ ಕಣೇ ಪುಟ್ಟಾ" ಎಂದುಬಿಟ್ಟೆ.

ಅಂದಿನಿಂದ ನನ್ನ ಭಾನುವಾರಗಳೆಲ್ಲ ಪಾರ್ಕಿನ ಪಾಲಾದವು. ಅರ್ಜಿಗೆ ಸಹಿ ಹಾಕಿಸಲು ಮನೆಮನೆ ತಿರುಗಿದೆ. ಎಲ್ಲರೂ ಕಾಫಿ ಕೊಟ್ಟು ಒಂದೇ ಮಾತು ಹೇಳಿದರು: "ಪಾರ್ಕ್ ಬರ್ಲಿ ಸಾರ್, ಯಾರು ಬೇಡ ಅಂದ್ರು? ಗೇಟ್ ಮಾತ್ರ ನಮ್ಮನೆ ಮುಂದೆ ಬೇಡ." ಆ ಜಾಗದ ನಾಲ್ಕೂ ಕಡೆ ಮನೆಗಳು. ಗೇಟೇ ಇಲ್ಲದ ಪಾರ್ಕಿನೊಳಗೆ ಮಕ್ಕಳನ್ನು ಇಳಿಸುವುದು ಹೇಗೆಂದು ಚರ್ಚಿಸುವುದರಲ್ಲೇ ಒಂದು ವರ್ಷ ಹೋಯಿತು. ಅಷ್ಟರಲ್ಲಿ ಯಾರೋ ವಾಸ್ತುವಿನವರು ಬಂದು, ಪಾರ್ಕಿನ ಗೇಟು ಎದುರಿಗಿದ್ದರೆ ಮನೆಗೆ ತುಂಬಾ ಒಳ್ಳೆಯದು ಎಂದರು. ಬೇಡವೆಂದಿದ್ದವರೆಲ್ಲ "ನಮ್ಮನೆ ಮುಂದೇ ಇಡ್ಸಿ" ಎಂದು ಜಗಳಕ್ಕೆ ಬಂದರು. ಅದನ್ನು ಬಿಡಿಸುವುದರಲ್ಲಿ ಎರಡು ವರ್ಷ. ನಿಧಿ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು "ಅಪ್ಪಾ, ಇವತ್ತು ಆಡೋಣ್ವಾ?" ಅನ್ನುತ್ತಿದ್ದಳು. "ನಿನ್ನ ಪಾರ್ಕಿನ ಕೆಲಸಕ್ಕೇ ಕಣೇ ಹೋಗ್ತಾ ಇರೋದು" ಎಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ. "ರೀ, ಟೆರೇಸ್ ಮೇಲೆ ಅರ್ಧ ಗಂಟೆ ಆಡ್ಸಿ ಹೋಗ್ರೀ. ಪಾರ್ಕ್ ಎಲ್ಲೂ ಓಡ್ಹೋಗಲ್ಲ" ಎಂದು ಹೆಂಡತಿ ಕೂಗುತ್ತಿದ್ದಳು. ಅವಳಿಗೆ ಸಾರ್ವಜನಿಕ ಜೀವನ ಅರ್ಥವಾಗುವುದಿಲ್ಲವೆಂದು ನನಗೆ ಬಲವಾದ ನಂಬಿಕೆಯಿತ್ತು. ಯಾವಾಗಲೋ ಒಂದು ಭಾನುವಾರ ನಿಧಿ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ಸದ್ಯ, ಬುದ್ಧಿ ಬಂತು ಎಂದುಕೊಂಡೆ.

ಆಮೇಲೆ ಪಾರ್ಕ್ ಕಮಿಟಿಯಲ್ಲಿ ನಿಯಮಗಳ ಸಭೆ. ದೊಡ್ಡ ಹುಡುಗರು ಕ್ರಿಕೆಟ್ ಆಡಿ ಗಾಜು ಒಡೆಯುತ್ತಾರೆಂದು ಮೂಲೆಮನೆ ಆಂಟಿ ಗಲಾಟೆ ಎಬ್ಬಿಸಿದಾಗ ನಾನು ಎದ್ದು ನಿಂತು, "ಹನ್ನೆರಡು ದಾಟಿದ ಮಕ್ಕಳಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಹಾಕ್ಸೋಣ" ಎಂದೆ. ಚಪ್ಪಾಳೆಯೋ ಚಪ್ಪಾಳೆ! ಮದುವೆಯ ದಿನವೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಿಧಿಗೆ ಆಗ ಒಂಬತ್ತು. ಪಾರ್ಕು ಇನ್ನು ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಕಾರ್ಪೊರೇಷನ್ನಿನವರು ಹೇಳಿದ್ದರು. ನಾನು ನಂಬಿದ್ದೆ.

ಮೊನ್ನೆ ಪಾರ್ಕು ತೆರೆಯಿತು. ನಿಧಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಮಗಳಿಗೆ ಎಷ್ಟು ವಯಸ್ಸು ಸಾರ್?"

"ಹದಿಮೂರು."

"ಆಗಲ್ಲ ಸಾರ್, ಬೋರ್ಡ್ ನೋಡಿ. ಕಮಿಟಿಯವ್ರು ಕಟ್ಟುನಿಟ್ಟಾಗಿ ಹೇಳವ್ರೆ."

"ನಾನೇ ಕಣ್ರೀ ಕಮಿಟಿ!"

"ಅಯ್ಯೋ, ಮೊದ್ಲೇ ಹೇಳೋದಲ್ವಾ? ನೀವು ಹೋಗಿ ಸಾರ್. ಮಗಳು ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ."

ನಾನು ನಿಧಿಯ ಕಡೆ ತಿರುಗಿದೆ. ಅವಳು ಮೊಬೈಲಿನಿಂದ ತಲೆಯೆತ್ತದೆ, "ಹೋಗಪ್ಪಾ, ನೋಡ್ಕೊಂಡು ಬಾ. ನಂಗೆ ಇವೆಲ್ಲ ಬೋರು" ಎಂದಳು. ಅವಳು ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತೆ. ಉಯ್ಯಾಲೆ, ಜಾರುಬಂಡೆ ಎಲ್ಲವೂ ಚೆನ್ನಾಗಿಯೇ ಇದ್ದವು. ಪಕ್ಕದಲ್ಲಿ ಸಣ್ಣ ವಯಸ್ಸಿನ ಅಪ್ಪನೊಬ್ಬ ಮಗಳ ಪುಟ್ಟ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಕುಳಿತಿದ್ದ. "ನಿಮ್ಮ ಮಗು ಯಾವ್ದು ಸಾರ್?" ಎಂದ. ನಾನು ಗೇಟಿನ ಹೊರಗೆ ತೋರಿಸಿದೆ.

"ಓ, ಅಷ್ಟು ದೊಡ್ಡೋಳಾ! ನಮ್ಮವಳು ಉಯ್ಯಾಲೆ ಬಿಟ್ಟು ಇಳಿಯೋದೇ ಇಲ್ಲ ನೋಡಿ. ನಿಮ್ಮ ಮಗಳು ಚಿಕ್ಕವಳಿದ್ದಾಗ ಏನು ಆಟ ಆಡ್ತಿದ್ಲು ಸಾರ್?"

ನಾನು ಯೋಚಿಸಿದೆ. ಅವನು ಚಪ್ಪಲಿ ಹಿಡಿದುಕೊಂಡು ಕಾಯುತ್ತಲೇ ಇದ್ದ.

"ಅವರಮ್ಮನ್ನ ಕೇಳಿ ಹೇಳ್ತೀನಿ ಸಾರ್" ಎಂದೆ.