ಗಿರಿಜಕ್ಕನ ಡಬ್ಬಿಯನ್ನು ನಂಬಿದ ನನ್ನ ಫೋನು

ಕೋಟೇಶ್ವರದ ಬಾಡಿಗೆ ಮನೆಯಲ್ಲಿದ್ದಾಗ ನಮಗೂ ಪಕ್ಕದ ಗಿರಿಜಕ್ಕನಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೆಪ್ಪಿಗೆ ಮಜ್ಜಿಗೆ, ಕಾಯಿ ಕಡಿ, ಮೀನು ಸಾರು ಎಲ್ಲ ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಿದ್ದವು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಮುಖ ಮಾತ್ರ ಬಿಸಿಯಾಗುತ್ತದೆ!

ಆಗಷ್ಟೇ ನನ್ನ ಕೈಗೆ ಸ್ಮಾರ್ಟ್‌ಫೋನ್ ಬಂದಿತ್ತು. ತಂತ್ರಜ್ಞಾನದಲ್ಲಿ ನಮ್ಮ ಓಣಿಗೆ ನಾನೇ ಸುಪ್ರೀಂ ಕೋರ್ಟು ಎಂಬುದು ನನ್ನದೇ ತೀರ್ಪು. ಗಿರಿಜಕ್ಕನ ತಮ್ಮ ಮುಂಬೈಯಿಂದ ಬ್ಲೂಟೂತ್ ಸ್ಪೀಕರ್ ಕಳಿಸಿದಾಗ ಅವರು ಅದನ್ನು ಸೀದಾ ನನ್ನಲ್ಲಿಗೇ ತಂದರು.

"ಹ್ವಾಯ್ ಶಾರದಾ, ಈ ಡಬ್ಬಿ ಬಾಯೇ ಬಿಡ್ತಿಲ್ಲೆ. ಎಂತ ಮಾಡುದ್?"

ಅವರದು ಬಟನ್ ಫೋನು. ಆದ್ದರಿಂದ ನನ್ನ ಫೋನಿಗೇ ಜೋಡಿಸಿದೆ. ಗುಪ್ತ ಸಂಖ್ಯೆ ನಾಲ್ಕು ಸೊನ್ನೆ. ಈ ಸಾಧನವನ್ನು ಯಾವಾಗಲೂ ನಂಬಬಹುದೇ ಎಂದು ಫೋನು ಗಂಭೀರವಾಗಿ ಕೇಳಿತು. ಗಿರಿಜಕ್ಕನಂಥ ಗಿರಿಜಕ್ಕನ ಡಬ್ಬಿ, ನಂಬದೆ ಇರುವುದುಂಟೇ? ಹೌದು ಎಂದು ಒತ್ತಿದೆ. ಎರಡು ಭಜನೆ ಕೇಳಿಸಿ, ಕೀರ್ತಿ ಸಂಪಾದಿಸಿ, ಮರೆತುಬಿಟ್ಟೆ.

ಮುಂದಿನ ವಾರ ಗಿರಿಜಕ್ಕನ ಮಗಳು ಸುಜಾತಳನ್ನು ನೋಡಲು ಬಸ್ರೂರಿನಿಂದ ಗಂಡಿನ ಕಡೆಯವರು ಬಂದರು. ಅಂಜಲ್ ಮೀನಿನ ಸಾರು ಮಾಡಿ ಹಿತ್ತಿಲ ಬಾಗಿಲಿನಿಂದ ದಾಟಿಸಿದವಳು ನಾನು. ಬಡಿಸುವಾಗ ಅದು ಸುಜಾತಳ ಕೈಯಡುಗೆ ಆಗಿತ್ತು. ನೀಲಿ ದೀಪ ಚಂದ ಕಾಣುತ್ತದೆಂದು ಗಿರಿಜಕ್ಕ ಆ ಸ್ಪೀಕರನ್ನೂ ಚಾಲೂ ಮಾಡಿ ಜಗಲಿಯಲ್ಲಿಟ್ಟಿದ್ದರು.

ಇತ್ತ ನನ್ನ ಯಜಮಾನರು ಪೇಟೆಯಿಂದ ವಾಯ್ಸ್ ಮೆಸೇಜ್ ಕಳಿಸಿದರು. ಒತ್ತಿದೆ. ಸದ್ದಿಲ್ಲ. ವಾಲ್ಯೂಮ್ ಏರಿಸಿದೆ. ಸದ್ದಿಲ್ಲ. ಫೋನನ್ನು ಕುಟ್ಟಿ, ಪೂರ್ತಿ ಏರಿಸಿ, ಮತ್ತೆ ಒತ್ತಿದೆ. ಆಗ ಗೋಡೆಯಾಚೆಯ ಡಬ್ಬಿಯಿಂದ ನನ್ನ ಗಂಡ ಗುಡುಗಿದರು!

"ಗಂಡಿನ್ ಕಡಿಯರ್ ಬಂದ್ರಾ? ಸಾರ್ ನೀನ್ ಮಾಡಿದ್ದ್ ಅಂತ ಬಾಯ್ ಬಿಡ್ಬೇಡ ಮಾರಾಯ್ತಿ. ಸುಜಾತಂಗೆ ಗಂಜಿ ಬೇಯ್ಸುಕೂ ಬತ್ತಿಲ್ಲೆ!"

ನಾನು ಹಿತ್ತಿಲಿನಿಂದ ಓಡಿದೆ. ಜಗಲಿಯಲ್ಲಿ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತ್ತು. ಸುಜಾತ ಒಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಗಿರಿಜಕ್ಕ ನನ್ನನ್ನು ನೋಡಿದ ನೋಟದಲ್ಲಿ ಇನ್ನೊಂದು ಅಂಜಲ್ ಹುರಿಯಬಹುದಿತ್ತು.

ಮೊದಲು ಮಾತಾಡಿದವನು ಮದುವೆಯ ಹುಡುಗ. ಅವನಿಗೆ ಮುಂಬೈಯ ಹೋಟೆಲೊಂದರಲ್ಲಿ ಅಡುಗೆಯ ಕೆಲಸ.

"ಅಡ್ಗಿ ನಂಗ್ ಬತ್ತ್. ಮನ್ಯಗೂ ನಾನೇ ಮಾಡ್ತೆ," ಎಂದ.

ಅವನ ತಾಯಿ ನಕ್ಕುಬಿಟ್ಟರು. "ನಂಗೆ ಮದ್ವಿ ಆಪು ಹೊತ್ತಿಗೆ ಗಂಜಿಯೂ ಬತ್ತಿರ್ಲಿಲ್ಲೆ. ಸಾರ್ ಮಾಡಿದವ್ರ್ ಇವ್ರಾ? ಇನ್ನೊಂಚೂರ್ ಹಾಕಿ!"

ಸಂಬಂಧ ಕುದುರಿತು. ಆದರೆ ನನ್ನ ಮರ್ಯಾದೆ? ಭದ್ರತಾ ವ್ಯವಸ್ಥೆಯನ್ನು ಬಿಗಿಗೊಳಿಸಲು ಅದೇ ಸಂಜೆ ಕನ್ನಡಕ ಹಾಕಿ ಕುಳಿತೆ. ಫೋನಿನ ನಂಬರುಗಳ ಪಟ್ಟಿಯಲ್ಲಿ ಗಿರಿಜಕ್ಕ ಎಂಬ ಹೆಸರು ಹುಡುಕಿ, ವಿಧಿಪೂರ್ವಕವಾಗಿ ಅಳಿಸಿ, ನೆಮ್ಮದಿಯಿಂದ ಕಾಫಿಗಿಟ್ಟೆ.

ಕಾಫಿ ಕುದಿಯುವ ಮೊದಲೇ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿ, ಆದಷ್ಟು ಗಾಂಭೀರ್ಯದಿಂದ ಕೇಳಿದೆ: "ಯಾರ್ ಮಾತಾಡುದ್?"

ಫೋನಿನಲ್ಲಿ ಸದ್ದಿಲ್ಲ. ಗೋಡೆಯೇ ಉತ್ತರಿಸಿತು:

"ಯಾರಾ? ನಾನ್ ಗಿರಿಜೆ! ಹ್ವಾಯ್, ನಾನ್ ಮಾತಾಡಿದ್ದ್ ನನ್ ಡಬ್ಬ್ಯಗೇ ಕೇಂತ್ ಇತ್ತಲೆ ಮಾರಾಯ್ತಿ!"